ಆರ್ಕೇಡ್ ಪೆಟ್ಟಿಗೆಯ ವಾಲ್ಯೂಮ್ ಯಾರ ಕೈಯಲ್ಲಿದೆ?

ಪ್ಲೈವುಡ್ ಕೊಯ್ದು, ಪರದೆ ಕೂರಿಸಿ, ಗುಂಡಿ-ಜಾಯ್‌ಸ್ಟಿಕ್ಕುಗಳಿಗೆ ವೈರ್ ಎಳೆದು, ಹಳೆಯ ಕಂಪ್ಯೂಟರನ್ನೋ ಅಂಗೈಯಗಲದ ರಾಸ್‌ಬೆರಿ ಪೈ ಬೋರ್ಡನ್ನೋ ಒಳಗಿಟ್ಟು ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ ಕಟ್ಟುವ ಹವ್ಯಾಸಿಗಳಿದ್ದಾರೆ. ಕೆಲಸವೆಲ್ಲ ಮುಗಿಯಿತು ಅನ್ನುವ ಹೊತ್ತಿಗೆ ಅವರನ್ನು ಕಾಡತೊಡಗುವುದು ವಾಲ್ಯೂಮ್. ಒಂದು ಆಟದಲ್ಲಿ ಸದ್ದು ಕೇಳಿಯೂ ಕೇಳದಂತಿರುತ್ತದೆ. ಅದಕ್ಕೆಂದು ಏರಿಸಿಟ್ಟು ಇನ್ನೊಂದು ಆಟ ತೆರೆದರೆ ಕಿವಿ ಗಡಚಿಕ್ಕುತ್ತದೆ. ವಾಲ್ಯೂಮ್ ಗುಂಡಿ ಒತ್ತಿದರೆ ಪರದೆಯ ಮೇಲಿನ ಪಟ್ಟಿ ಏರಿಳಿಯುತ್ತದೆ, ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ರಾತ್ರಿ ತಗ್ಗಿಸಿ ಮಲಗಿದ್ದು ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಮತ್ತೆ ಮುಗಿಲು ಮುಟ್ಟುತ್ತದೆ.

ಇಂಥ ಕಾಟಕ್ಕೆ ಯಂತ್ರ ಕೆಟ್ಟಿರುವುದು ಕಾರಣವಾಗುವುದು ಅಪರೂಪ. ಪೆಟ್ಟಿಗೆಯೊಳಗೆ ವಾಲ್ಯೂಮ್ ಹಿಡಿದಿರುವ ಕೈಗಳು ಆರೇಳು ಇವೆ, ಒಂದರ ಸುದ್ದಿ ಇನ್ನೊಂದಕ್ಕಿಲ್ಲ. ಮನೆಯ ನೀರಿನ ಪೈಪನ್ನು ನೆನೆಸಿಕೊಂಡರೆ ಇದು ಬೇಗ ತಿಳಿಯುತ್ತದೆ. ತಾರಸಿಯ ಟ್ಯಾಂಕಿನ ಬಳಿ ಒಂದು ವಾಲ್ವ್, ಮಹಡಿಗೊಂದು, ಬಚ್ಚಲಿನ ಗೋಡೆಯಲ್ಲೊಂದು, ಕೊನೆಗೆ ನಲ್ಲಿ. ಮೇಲಿನ ಯಾವುದೋ ವಾಲ್ವ್ ಮುಚ್ಚಿದ್ದರೆ ನಲ್ಲಿಯನ್ನು ಎಷ್ಟು ತಿರುಗಿಸಿದರೂ ನೀರು ಬರುವುದಿಲ್ಲ. ಆರ್ಕೇಡ್ ಪೆಟ್ಟಿಗೆಯಲ್ಲಿ ಆಟದೊಳಗೆ ಒಂದು ವಾಲ್ಯೂಮ್, ಆಟ ಓಡಿಸುವ ಎಮ್ಯುಲೇಟರಿನಲ್ಲೊಂದು, ಆಟ ಆರಿಸುವ ಮೆನುವಿನಲ್ಲೊಂದು, ಆಪರೇಟಿಂಗ್ ಸಿಸ್ಟಂನಲ್ಲಿ ಎರಡು, ಆಂಪ್ಲಿಫೈಯರಿನಲ್ಲೊಂದು. ಪರದೆಯಾಗಿ ಟಿ.ವಿ. ಇಟ್ಟಿದ್ದರೆ ಅದರದು ಬೇರೆ.

ಅಸಲಿ ಆರ್ಕೇಡ್ ಯಂತ್ರಗಳ ಕಾಲದಲ್ಲಿ ಈ ಗೊಂದಲವೇ ಇರಲಿಲ್ಲ. ವಾಲ್ಯೂಮಿಗೆ ಒಂದೇ ನಾಬ್. ಅದೂ ನಾಣ್ಯ ಹಾಕುವ ಬಾಗಿಲಿನ ಹಿಂದೆ, ಬೀಗದೊಳಗೆ ಇರುತ್ತಿತ್ತು. ಸದ್ದು ಎಷ್ಟಿರಬೇಕೆಂದು ತೀರ್ಮಾನಿಸುವವನು ಅಂಗಡಿಯ ಮಾಲೀಕ. ಆಡುವವನಿಗೆ ಅದನ್ನು ಮುಟ್ಟುವ ಅವಕಾಶವಿರಲಿಲ್ಲ. 1985ರಲ್ಲಿ ಜಪಾನಿನ ಯಂತ್ರ ತಯಾರಕರ ಸಂಘ ತಂದ ‘ಜಾಮಾ’ ಮಾನದಂಡ ಇದನ್ನು ಇನ್ನಷ್ಟು ಸರಳ ಮಾಡಿತು. 56 ಸಂಪರ್ಕಗಳ ಒಂದೇ ಕನೆಕ್ಟರಿನಲ್ಲಿ ವಿದ್ಯುತ್ತು, ಚಿತ್ರ, ಗುಂಡಿಗಳು, ಸದ್ದು ಎಲ್ಲವೂ ಹಾದುಹೋಗುತ್ತಿದ್ದವು. ಸ್ಪೀಕರಿಗೆ ಮೀಸಲಾಗಿದ್ದದ್ದು ಎರಡು, ಒಂದು ಬದಿಯ 10ನೆಯದು ಮತ್ತು ಇನ್ನೊಂದು ಬದಿಯ ‘ಎಲ್’. ಆಂಪ್ಲಿಫೈಯರ್ ಆಟದ ಬೋರ್ಡಿನಲ್ಲೇ ಇರುತ್ತಿತ್ತು, ಅದರ ಪಕ್ಕದಲ್ಲೇ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ‘ಪಾಟ್’ (ಪೊಟೆನ್ಶಿಯೊಮೀಟರ್) ಇರುತ್ತಿತ್ತು. ಬೋರ್ಡು ಬದಲಿಸಿದರೆ ವಾಲ್ಯೂಮ್ ಕೂಡ ಅದರೊಂದಿಗೇ ಬರುತ್ತಿತ್ತು.

ಎಂಬತ್ತು-ತೊಂಬತ್ತರ ದಶಕದ ಬೆಂಗಳೂರಿನ ವಿಡಿಯೊ ಗೇಮ್ ಪಾರ್ಲರುಗಳಲ್ಲಿ ಇಂಥ ಯಂತ್ರಗಳ ಎದುರು ನಿಂತವರು ಈಗ ನಡುವಯಸ್ಸಿನವರು. ಆ ದಿನಗಳನ್ನು ಮನೆಗೆ ತಂದುಕೊಳ್ಳುವ ಆಸೆಗೆ ದಾರಿ ಮಾಡಿಕೊಟ್ಟದ್ದು ‘ಮೇಮ್’ ಎಂಬ ತಂತ್ರಾಂಶ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ಮೊದಲ ಆವೃತ್ತಿ ಬಿಡುಗಡೆ ಮಾಡಿದ ಈ ಎಮ್ಯುಲೇಟರ್ ಹಳೆಯ ಬೋರ್ಡುಗಳ ಚಿಪ್ಪುಗಳನ್ನು ಕಂಪ್ಯೂಟರಿನೊಳಗೆ ಅನುಕರಿಸುತ್ತದೆ. ಆದರೆ ಸದ್ದಿನ ವಿಚಾರಕ್ಕೆ ಬಂದಾಗ ಅದಕ್ಕೊಂದು ಮೂಲಭೂತ ತೊಡಕಿದೆ, ವಾಲ್ಯೂಮ್ ಸಮಸ್ಯೆಯ ಬೇರು ಅಲ್ಲೇ ಇರುವುದು.

ಚಿಪ್ಪು ಯಾವ ಸ್ವರ ಹೊರಡಿಸುತ್ತದೆ ಎಂಬುದು ಆಟದ ಮೆಮೊರಿಯಲ್ಲಿ ಬರೆದಿರುತ್ತದೆ. ಆ ಸ್ವರ ಎಷ್ಟು ಜೋರಾಗಿ ಕೇಳಬೇಕು ಎಂಬುದು ಅಲ್ಲಿ ಬರೆದಿರುವುದಿಲ್ಲ. ಅದು ಚಿಪ್ಪಿನ ಮುಂದಿನ ರೆಸಿಸ್ಟರು, ಕೆಪ್ಯಾಸಿಟರು, ಆಂಪ್ಲಿಫೈಯರುಗಳಲ್ಲಿ, ಕೊನೆಗೆ ಅಂಗಡಿಯವನು ತಿರುಗಿಸಿಟ್ಟ ಪಾಟಿನಲ್ಲಿ ತೀರ್ಮಾನವಾಗುತ್ತಿತ್ತು. ಪ್ಯಾಕ್-ಮ್ಯಾನ್ (1980) ಯಂತ್ರದಲ್ಲಿ ಇದ್ದದ್ದು ನಾಮ್ಕೊ ಕಂಪನಿಯ ಮೂರು ದನಿಗಳ ಸರಳ ಸರ್ಕ್ಯೂಟು. ಸ್ಟ್ರೀಟ್ ಫೈಟರ್-2ರಲ್ಲಿ (1991) ಸಂಗೀತಕ್ಕೆ ಯಮಾಹಾದ ಎಫ್ಎಂ ಚಿಪ್ಪು, ಹೊಡೆತ-ಕೂಗುಗಳಿಗೆ ಓಕಿ ಕಂಪನಿಯ ಇನ್ನೊಂದು ಚಿಪ್ಪು. ಈ ಎರಡು ಆಟಗಳೂ ಬೇರೆ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೇರೆ ಸ್ಪೀಕರಿನ ಮುಂದೆ ಬಾಳಿದವು. ಅವನ್ನು ಒಂದೇ ಮೆನುವಿನಲ್ಲಿ ಅಕ್ಕಪಕ್ಕ ಕೂರಿಸಿದಾಗ ಯಾವುದು ಎಷ್ಟು ಜೋರಾಗಿರಬೇಕೆಂದು ಆಯಾ ಆಟದ ಅನುಕರಣೆ ಬರೆದ ಪ್ರೋಗ್ರಾಮರೇ ಅಂದಾಜಿನ ಮೇಲೆ ನಿರ್ಧರಿಸಬೇಕಾಯಿತು. ಆಟದಿಂದ ಆಟಕ್ಕೆ ಸದ್ದು ಎಗರಾಡಲು ಇದೇ ಕಾರಣ. ಹಾಗಾಗಿ ಒಂದು ಆಟದಲ್ಲಿ ಸದ್ದು ಕಡಿಮೆ ಅನ್ನಿಸಿದ ಕೂಡಲೇ ಆಂಪ್ಲಿಫೈಯರಿಗೆ ಕೈಹಾಕುವುದು ತಪ್ಪು ಜಾಗದಲ್ಲಿ ಮದ್ದು ಹಚ್ಚಿದಂತೆ.

ಸರಿಯಾದ ಜಾಗ ಮೇಮ್‌ನೊಳಗೇ ಇದೆ. ಆಟ ಓಡುತ್ತಿರುವಾಗ ಟ್ಯಾಬ್ ಕೀ ಒತ್ತಿದರೆ ಮೆನು ತೆರೆದುಕೊಳ್ಳುತ್ತದೆ. ಅದರ ‘ಸ್ಲೈಡರ್ ಕಂಟ್ರೋಲ್ಸ್’ ಎಂಬಲ್ಲಿ ವಾಲ್ಯೂಮನ್ನು ಡೆಸಿಬೆಲ್ ಲೆಕ್ಕದಲ್ಲಿ ಇಳಿಸಿ ನೋಡಬಹುದು. ಯಾವ ಅಂಕಿ ಕಿವಿಗೆ ಹಿತ ಅನ್ನಿಸುತ್ತದೋ ಅದನ್ನು ಆ ಆಟದ ಹೆಸರಿನ ಒಂದು ಪುಟ್ಟ ಐಎನ್‌ಐ ಕಡತದಲ್ಲಿ ಬರೆದು ಮೇಮ್‌ನ ಐಎನ್‌ಐ ಫೋಲ್ಡರಿಗೆ ಹಾಕಿದರಾಯಿತು. ‘ವಾಲ್ಯೂಮ್ -10’ ಎಂಬ ಒಂದೇ ಸಾಲು ಸಾಕು. ಅಂದಿನಿಂದ ಆ ಆಟ ಮಾತ್ರ 10 ಡೆಸಿಬೆಲ್ ತಗ್ಗಿ ಆರಂಭವಾಗುತ್ತದೆ. ಈ ಅಂಕಿ ಸೊನ್ನೆಯಿಂದ ಕೆಳಕ್ಕೆ -32ರವರೆಗೆ ಹೋಗುತ್ತದೆ, ಸೊನ್ನೆಯಿಂದ ಮೇಲಕ್ಕೆ ಹೋಗುವುದಿಲ್ಲ. ಆದ್ದರಿಂದ ಎಲ್ಲ ಆಟಗಳನ್ನೂ ಅತಿ ಸಣ್ಣ ಸದ್ದಿನ ಆಟದ ಮಟ್ಟಕ್ಕೆ ಇಳಿಸಿ ಸಮ ಮಾಡಬೇಕು, ಸಣ್ಣದನ್ನು ಏರಿಸುವ ದಾರಿ ಇಲ್ಲಿಲ್ಲ. ನೂರಾರು ಆಟ ತುಂಬಿಕೊಂಡವರಿಗೆ ಇದು ಬೇಸರದ ಕೆಲಸ. ಆದರೆ ಮನೆಯವರು ನಿಜವಾಗಿ ಆಡುವ ಹತ್ತಿಪ್ಪತ್ತು ಆಟಗಳಿಗೆ ಮಾಡಿದರೆ ಸಾಕು, ಪೆಟ್ಟಿಗೆಯ ಚಹರೆಯೇ ಬದಲಾಗುತ್ತದೆ.

ಡೆಸಿಬೆಲ್ ಲೆಕ್ಕ ಮೊದಮೊದಲು ಹೆದರಿಸುತ್ತದೆ. ಮೂರು ಸಂಗತಿ ನೆನಪಿಟ್ಟುಕೊಂಡರೆ ಈ ಕೆಲಸಕ್ಕೆ ಸಾಕಾಗುತ್ತದೆ. 3 ಡೆಸಿಬೆಲ್ ಏರಿಸಬೇಕೆಂದರೆ ಆಂಪ್ಲಿಫೈಯರ್ ಎರಡರಷ್ಟು ಶಕ್ತಿ ಸುರಿಯಬೇಕು. 6 ಡೆಸಿಬೆಲ್ ಏರಿತೆಂದರೆ ವೋಲ್ಟೇಜ್ ಎರಡರಷ್ಟಾಯಿತು ಎಂದರ್ಥ. ಕಿವಿಗೆ ಸದ್ದು ‘ಎರಡರಷ್ಟಾಯಿತು’ ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. 10 ವಾಟ್ ಆಂಪ್ಲಿಫೈಯರ್ ತೆಗೆದು 20 ವಾಟಿನದು ಹಾಕಿದವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕೇಳಿಸದೆ ಇರುವುದು ಇದೇ ಕಾರಣಕ್ಕೆ.

ಇನ್ನು ಆಟದೊಳಗಿನ ವಾಲ್ಯೂಮ್. ಕ್ಯಾಪ್‌ಕಾಂ ಕಂಪನಿ ತೊಂಬತ್ತರ ದಶಕದಲ್ಲಿ ತಂದ ಸಿಪಿಎಸ್-2 ಬೋರ್ಡಿನಲ್ಲಿ ತಿರುಗಿಸುವ ಪಾಟಿನ ಬದಲು ಏರಿಸಲೊಂದು, ಇಳಿಸಲೊಂದು ಒತ್ತುಗುಂಡಿ ಇದ್ದವು. ಮೇಮ್ ಆ ಗುಂಡಿಗಳನ್ನೂ ಬಿಡದೆ ಅನುಕರಿಸುತ್ತದೆ, ಕೀಬೋರ್ಡಿನ ಮೈನಸ್ ಮತ್ತು ‘ಸಮ’ ಚಿಹ್ನೆಯ ಕೀಗಳಿಗೆ ಅವನ್ನು ಜೋಡಿಸಿದೆ. ಸಿಪಿಎಸ್-2 ಆಟಗಳಲ್ಲಿ ಈ ಕೀಗಳಿಂದ ಸದ್ದು ಏರಿಳಿಯುತ್ತದೆ, ಪ್ಯಾಕ್-ಮ್ಯಾನ್‌ನಲ್ಲಿ ಏನೂ ಆಗುವುದಿಲ್ಲ. ನಿನ್ನೆ ಕೆಲಸ ಮಾಡಿದ ಕೀ ಇವತ್ತು ಕೆಟ್ಟಿತೆಂದು ಕೀಬೋರ್ಡನ್ನು ಬೈಯುವವರು ಮೊದಲು ನೋಡಬೇಕಾದದ್ದು ಯಾವ ಆಟ ಓಡುತ್ತಿದೆ ಎಂಬುದನ್ನು.

ಯಾರೂ ಆಡದಿರುವಾಗ ಯಂತ್ರ ತಾನೇ ತಾನಾಗಿ ತೋರಿಸುವ ಪ್ರದರ್ಶನದ ಸದ್ದಿಗೂ ಬೇರೆ ಸ್ವಿಚ್ ಉಂಟು. ದಾರಿಹೋಕರನ್ನು ಸೆಳೆಯಲು ಬೇಕೋ ಬೇಡವೋ ಎಂದು ಅಂಗಡಿಯವನು ಬೋರ್ಡಿನ ಡಿಪ್ ಸ್ವಿಚ್ಚಿನಲ್ಲಿ ಆರಿಸುತ್ತಿದ್ದ. ಸ್ಟ್ರೀಟ್ ಫೈಟರ್-2ರಂಥ ಆಟಗಳಿಗೆ ಮೇಮ್ ಮೆನುವಿನಲ್ಲೇ ‘ಡೆಮೊ ಸೌಂಡ್ಸ್’ ಎಂಬ ಸಾಲು ಸಿಗುತ್ತದೆ. ಅದು ಆಫ್ ಆಗಿದ್ದಾಗ ಪೆಟ್ಟಿಗೆ ಮೂಕವಾಗಿದೆ ಎಂದು ಭಾವಿಸಿ ಸ್ಪೀಕರ್ ಬಿಚ್ಚಿದರೆ ಶ್ರಮ ವ್ಯರ್ಥ. ನಾಣ್ಯದ ಗುಂಡಿ ಒತ್ತಿ ನೋಡಿ. ಆ ಸದ್ದು ಬಂದರೆ ಸ್ಪೀಕರ್ ಸರಿಯಿದೆ.

ಟೈಟೊ ಕಂಪನಿಯ ಸ್ಪೇಸ್ ಇನ್ವೇಡರ್ಸ್ (1978) ಇನ್ನೊಂದು ಬಗೆಯ ಮೌನ ತರುತ್ತದೆ. ಅದರ ಸದ್ದುಗಳು ಅನಲಾಗ್ ಸರ್ಕ್ಯೂಟಿನಲ್ಲಿ ಹುಟ್ಟುತ್ತಿದ್ದವು, ಹಾರುವ ತಟ್ಟೆಯ ದನಿಗೆಂದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಂದು ಚಿಪ್ಪು ಇತ್ತು. ಮೇಮ್ ದೀರ್ಘಕಾಲ ಇಂಥ ಸದ್ದುಗಳಿಗೆ ಅಸಲಿ ಯಂತ್ರದಿಂದ ಧ್ವನಿಮುದ್ರಿಸಿದ ತುಣುಕುಗಳನ್ನೇ ನೆಚ್ಚಿತ್ತು. ಹಳೆಯ ಆವೃತ್ತಿ ಇಟ್ಟುಕೊಂಡವರ ಸ್ಯಾಂಪಲ್ಸ್ ಫೋಲ್ಡರಿನಲ್ಲಿ ಆ ತುಣುಕುಗಳಿಲ್ಲದಿದ್ದರೆ ಆಟ ಸದ್ದಿಲ್ಲದೆ ನಡೆಯುತ್ತದೆ. ಯಾವ ವಾಲ್ಯೂಮ್ ಏರಿಸಿದರೂ ಇಲ್ಲದ ಸದ್ದು ಬಾರದು.

ಆಟ ದಾಟಿ ಆಪರೇಟಿಂಗ್ ಸಿಸ್ಟಂಗೆ ಬಂದರೆ ಪೆಟ್ಟಿಗೆಯೊಳಗೆ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ ಎಂಬುದರ ಮೇಲೆ ದಾರಿ ಕವಲೊಡೆಯುತ್ತದೆ.

ವಿಂಡೋಸ್‌ನಲ್ಲಿ ವಿಸ್ಟಾ ಆವೃತ್ತಿಯಿಂದೀಚೆಗೆ ಪ್ರತಿ ಪ್ರೋಗ್ರಾಮಿಗೂ ಪ್ರತ್ಯೇಕ ವಾಲ್ಯೂಮ್ ಇದೆ, ವಾಲ್ಯೂಮ್ ಮಿಕ್ಸರ್ ತೆರೆದರೆ ಕಾಣುತ್ತದೆ. ಮೆನು ಪ್ರೋಗ್ರಾಮು ನೂರರಲ್ಲಿದ್ದು ಮೇಮ್ ಎಂದೋ ಇಪ್ಪತ್ತಕ್ಕೆ ಇಳಿದಿದ್ದರೆ, ವಿಂಡೋಸ್ ಆ ಇಪ್ಪತ್ತನ್ನು ಮರೆಯದೆ ಇಟ್ಟುಕೊಂಡಿರುತ್ತದೆ. ಮೆನುವಿನಲ್ಲಿ ಆಟದ ತುಣುಕು ವಿಡಿಯೊ ಅಬ್ಬರಿಸುತ್ತದೆ, ಆಟ ತೆರೆದಾಗ ಪಿಸುಗುಟ್ಟುತ್ತದೆ. ಇದನ್ನು ಕಂಡುಹಿಡಿಯಲು ಆಟವನ್ನು ಓಡುತ್ತಿರುವಂತೆಯೇ ಬಿಟ್ಟು, ಆಲ್ಟ್-ಟ್ಯಾಬ್ ಒತ್ತಿ ಹೊರಬಂದು ಮಿಕ್ಸರ್ ತೆರೆಯಬೇಕು. ಆಟ ಮುಚ್ಚಿದ ಮೇಲೆ ನೋಡಿದರೆ ಅದರ ಪಟ್ಟಿ ಅಲ್ಲಿ ಸಿಗದೆ ಹೋಗಬಹುದು.

ಪಟ್ಟಿ ಏರಿಳಿದರೂ ಸದ್ದು ಬದಲಾಗದ ಸಮಸ್ಯೆ ಇದಕ್ಕಿಂತ ಬೇರೆ. ವಾಲ್ಯೂಮ್ ಕೀ ಹಿಡಿದಿರುವುದು ವಿಂಡೋಸ್ ‘ಡೀಫಾಲ್ಟ್’ ಎಂದು ಗುರುತಿಸಿದ ಸಾಧನದ ಕೈಯನ್ನು ಮಾತ್ರ. ಆಟದ ಸದ್ದು ಇನ್ನೊಂದರಿಂದ ಹೊರಡುತ್ತಿದ್ದರೆ ಕೀ ಒತ್ತಿದ್ದು ಅದಕ್ಕೆ ತಟ್ಟುವುದಿಲ್ಲ. ಎಚ್‌ಡಿಎಂಐ ಕೇಬಲಿನಲ್ಲಿ ಚಿತ್ರದ ಜೊತೆ ಸದ್ದೂ ಹೋಗುವುದರಿಂದ ಪರದೆ ತಾನೂ ಒಂದು ಸ್ಪೀಕರ್ ಎಂದು ಕಂಪ್ಯೂಟರಿಗೆ ಹೇಳಿಕೊಳ್ಳುತ್ತದೆ. ಪರದೆಗಿಂತ ಮೊದಲು ಕಂಪ್ಯೂಟರ್ ಎದ್ದ ದಿನ ಡೀಫಾಲ್ಟ್ ಒಂದು, ಪರದೆ ಮೊದಲು ಹೊತ್ತಿಕೊಂಡ ದಿನ ಇನ್ನೊಂದು. ಇದಕ್ಕೆ ಮದ್ದು ಸುಲಭ. ಪೆಟ್ಟಿಗೆಯ ಸ್ಪೀಕರಿಗೆ ಹೋಗುವ ಒಂದು ಸಾಧನವನ್ನು ಉಳಿಸಿಕೊಂಡು ಉಳಿದ ಎಲ್ಲ ಔಟ್‌ಪುಟ್ ಸಾಧನಗಳನ್ನೂ ಸೌಂಡ್ ಸೆಟ್ಟಿಂಗಿನಲ್ಲಿ ‘ಡಿಸೇಬಲ್’ ಮಾಡಿಬಿಡುವುದು.

ಆರ್ಕೇಡ್ ಪೆಟ್ಟಿಗೆಯಲ್ಲಿ ಕೀಬೋರ್ಡು ಹೊರಗಿರುವುದಿಲ್ಲ. ಗುಂಡಿಗಳ ವೈರುಗಳು ಎನ್‌ಕೋಡರ್ ಎಂಬ ಪುಟ್ಟ ಬೋರ್ಡಿಗೆ ಹೋಗುತ್ತವೆ, ಅದು ಕಂಪ್ಯೂಟರಿಗೆ ಕೀಬೋರ್ಡಿನಂತೆ ಕಾಣುತ್ತದೆ. ಬ್ರಿಟನ್ನಿನ ಅಲ್ಟಿಮಾರ್ಕ್ ಕಂಪನಿಯ ಐ-ಪ್ಯಾಕ್ ಇವುಗಳಲ್ಲಿ ಹೆಸರುವಾಸಿ. ಅದರಲ್ಲಿ ಮೊದಲ ಆಟಗಾರನ ಸ್ಟಾರ್ಟ್ ಗುಂಡಿಯನ್ನು ಒತ್ತಿ ಹಿಡಿದು ಜಾಯ್‌ಸ್ಟಿಕ್ ಸರಿಸಿದರೆ ಬೇರೆಯೇ ಕೀಗಳು ಹೊರಡುತ್ತವೆ: ಬಲಕ್ಕೆ ಸರಿಸಿದರೆ ಟ್ಯಾಬ್, ಕೆಳಕ್ಕೆ ಸರಿಸಿದರೆ ಆಟ ನಿಲ್ಲಿಸುವ ಪಿ ಕೀ. ಇದೇ ರೀತಿ ವಾಲ್ಯೂಮಿಗೆಂದು ಜೋಡಿಸಿಕೊಂಡ ಕೀಗಳು ಒಂದು ಎಮ್ಯುಲೇಟರಿನಲ್ಲಿ ಒಂದರ್ಥ, ಇನ್ನೊಂದರಲ್ಲಿ ಇನ್ನೊಂದರ್ಥ ಪಡೆಯುತ್ತವೆ. ರೆಟ್ರೋಆರ್ಕ್ ತಂತ್ರಾಂಶದಲ್ಲಿ ಎಫ್9 ಎಂದರೆ ಸದ್ದಡಗಿಸು. ಮೇಮ್‌ನಲ್ಲಿ ಅದೇ ಎಫ್9 ಚಿತ್ರದ ಚೌಕಟ್ಟುಗಳನ್ನು ಬಿಟ್ಟು ಬಿಟ್ಟು ತೋರಿಸುವಂತೆ ಮಾಡುತ್ತದೆ. ಸದ್ದು ನಿಲ್ಲಿಸಲು ಒತ್ತಿದರೆ ಸದ್ದು ಹಾಗೇ ಇದ್ದು ಚಿತ್ರ ತಡವರಿಸತೊಡಗುತ್ತದೆ, ಆಡುವವರು ಕಂಪ್ಯೂಟರ್ ನಿಧಾನವಾಯಿತೆಂದು ಗಾಬರಿಯಾಗುತ್ತಾರೆ.

ಈ ಗೋಜಲಿನಿಂದ ಪಾರಾಗಲು ಎಮ್ಯುಲೇಟರಿನ ಕೀಗಳನ್ನು ಬಿಟ್ಟು, ಮಲ್ಟಿಮೀಡಿಯಾ ಕೀಬೋರ್ಡುಗಳಲ್ಲಿರುವ ಅಸಲಿ ವಾಲ್ಯೂಮ್ ಕೀಗಳ ಸಂಕೇತವನ್ನೇ ಎನ್‌ಕೋಡರಿನಿಂದ ಕಳುಹಿಸಬೇಕು. ಅವನ್ನು ಆಪರೇಟಿಂಗ್ ಸಿಸ್ಟಂ ನೇರವಾಗಿ ಕೇಳಿಸಿಕೊಳ್ಳುತ್ತದೆ, ಯಾವ ಆಟ ಓಡುತ್ತಿದ್ದರೂ ಫಲ ಒಂದೇ. ಎನ್‌ಕೋಡರಿಗೆ ಆ ಸಾಮರ್ಥ್ಯವಿಲ್ಲದಿದ್ದರೆ ಆಟೋಹಾಟ್‌ಕೀಯಂಥ ಪುಟ್ಟ ತಂತ್ರಾಂಶ ನಡುವೆ ನಿಂತು ಸಾಧಾರಣ ಕೀಯನ್ನು ವಾಲ್ಯೂಮ್ ಕೀಯಾಗಿ ಬದಲಿಸುತ್ತದೆ. ಅಲ್ಲೂ ಒಂದು ಎಡವಟ್ಟು ಕಾದಿರುತ್ತದೆ. ಆಟವನ್ನು ‘ಅಡ್ಮಿನಿಸ್ಟ್ರೇಟರ್’ ಹಕ್ಕಿನಲ್ಲಿ ಓಡಿಸಿ, ಆಟೋಹಾಟ್‌ಕೀಯನ್ನು ಸಾಮಾನ್ಯ ಹಕ್ಕಿನಲ್ಲಿ ಬಿಟ್ಟರೆ, ಆಟ ಮುಂದಿರುವಷ್ಟು ಹೊತ್ತು ಕೀಗಳು ಅದಕ್ಕೆ ಕೇಳಿಸುವುದಿಲ್ಲ. ಕೆಳಗಿನ ಹಕ್ಕಿನ ಪ್ರೋಗ್ರಾಮು ಮೇಲಿನ ಹಕ್ಕಿನದರಲ್ಲಿ ಕೈಯಾಡಿಸದಂತೆ ವಿಂಡೋಸ್ ಹಾಕಿದ ತಡೆ ಅದು. ಮೆನುವಿನಲ್ಲಿ ವಾಲ್ಯೂಮ್ ಗುಂಡಿ ಕೆಲಸ ಮಾಡುತ್ತದೆ, ಆಟದೊಳಗೆ ಮಾಡುವುದಿಲ್ಲ ಎಂಬ ದೂರಿಗೆ ಹಲವು ಬಾರಿ ಇಷ್ಟೇ ಕಾರಣವಿರುತ್ತದೆ. ಎರಡನ್ನೂ ಒಂದೇ ಹಕ್ಕಿನಲ್ಲಿ ಓಡಿಸಿದರೆ ಸರಿಹೋಗುತ್ತದೆ.

ರಾಸ್‌ಬೆರಿ ಪೈ ಕಥೆ ಇನ್ನೂ ಸ್ವಾರಸ್ಯದ್ದು. 2020ರಲ್ಲಿ ಅದರ ಲಿನಕ್ಸ್ ಪರಿಷ್ಕರಣೆಯೊಂದು ಅಲ್ಲಿಯವರೆಗೆ ಒಂದೇ ಆಗಿದ್ದ ಸೌಂಡ್ ಕಾರ್ಡನ್ನು ಎರಡಾಗಿ ಒಡೆಯಿತು. ಎಚ್‌ಡಿಎಂಐಗೆ ಒಂದು, ಹೆಡ್‌ಫೋನ್ ಜ್ಯಾಕಿಗೆ ಇನ್ನೊಂದು. ಮೊದಲು ‘ಪಿಸಿಎಂ’ ಎಂಬ ಹೆಸರಿನಲ್ಲಿದ್ದ ವಾಲ್ಯೂಮ್ ನಿಯಂತ್ರಣದ ಹೆಸರೂ ಅದರೊಂದಿಗೆ ಬದಲಾಯಿತು. ರೆಟ್ರೋಪೈ ಎಂಬ ತಂತ್ರಾಂಶ ಬಳಸಿ ಕಟ್ಟಿದ ಪೆಟ್ಟಿಗೆಗಳ ಮೆನುವಾದ ಎಮ್ಯುಲೇಶನ್‌ಸ್ಟೇಶನ್ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಪರಿಣಾಮವಾಗಿ, ಚೆನ್ನಾಗಿ ನಡೆಯುತ್ತಿದ್ದ ಪೆಟ್ಟಿಗೆಗಳು ಒಂದು ಅಪ್‌ಡೇಟ್ ಆದದ್ದೇ ತಡ ವಾಲ್ಯೂಮಿನ ಮಾತು ಕೇಳುವುದನ್ನು ನಿಲ್ಲಿಸಿದವು. ಸೌಂಡ್ ಸೆಟ್ಟಿಂಗಿನಲ್ಲಿ ‘ಆಡಿಯೊ ಡಿವೈಸ್’ ಎಂಬಲ್ಲಿ ಹೊಸ ಹೆಸರನ್ನು ಆರಿಸಿದ ಮೇಲೆ ಹಿಡಿತ ಮರಳಿತು.

ಮುಂದಿನ ಆವೃತ್ತಿಗಳಲ್ಲಿ ಎಚ್‌ಡಿಎಂಐ ಸದ್ದಿಗೆ ಬಂದ ಹೊಸ ಡ್ರೈವರಿನಲ್ಲಿ ವಾಲ್ಯೂಮ್ ನಿಯಂತ್ರಣವೇ ಇಲ್ಲ. ಸದ್ದನ್ನು ಪೂರ್ತಿ ಮಟ್ಟದಲ್ಲಿ ಪರದೆಗೆ ದಾಟಿಸುವುದಷ್ಟೇ ಅದರ ಕೆಲಸ, ಏರಿಸುವುದು ತಗ್ಗಿಸುವುದು ಟಿ.ವಿ.ಗೆ ಬಿಟ್ಟದ್ದು. ತಂತ್ರಾಂಶದಲ್ಲೇ ತಗ್ಗಿಸಬೇಕೆಂದರೆ ಲಿನಕ್ಸಿನ ಧ್ವನಿ ವ್ಯವಸ್ಥೆಯಾದ ಆಲ್ಸಾದಲ್ಲಿ ‘ಸಾಫ್ಟ್‌ವಾಲ್’ ಎಂಬ ಸೌಲಭ್ಯವನ್ನು ನಾವೇ ಹೂಡಿಕೊಳ್ಳಬೇಕು, ಇಲ್ಲವೇ ಪಲ್ಸ್‌ಆಡಿಯೊ, ಪೈಪ್‌ವೈರ್‌ನಂಥ ಮೇಲುಸ್ತರದ ವ್ಯವಸ್ಥೆಯ ಮೊರೆಹೋಗಬೇಕು. ಈ ಎರಡೂ ಬಳಕೆದಾರರಿಂದ ಬಳಕೆದಾರರಿಗೆ ಬೇರೆಯಾಗಿ ನಡೆಯುವಂಥವು. ವಾಲ್ಯೂಮ್ ಬದಲಿಸುವ ಸ್ಕ್ರಿಪ್ಟನ್ನು ಸುಡೊ ಹಾಕಿ ರೂಟ್ (ನಿರ್ವಾಹಕ) ಹೆಸರಿನಲ್ಲಿ ಓಡಿಸಿದರೆ ಅದು ಆಡುವ ಬಳಕೆದಾರರ ಸದ್ದಿನ ತನಕ ತಲುಪದೆ ಹೋಗುತ್ತದೆ.

ಹೆಡ್‌ಫೋನ್ ಜ್ಯಾಕ್ ಬಳಸುವವರಿಗೆ ಮತ್ತೊಂದು ಒಗಟು. ‘ಶೇಕಡಾ 50’ ಇಟ್ಟರೆ ಏನೂ ಕೇಳುವುದಿಲ್ಲ, 80 ದಾಟಿದ ಮೇಲೆ ದಿಢೀರನೆ ಏರುತ್ತದೆ. ಪೈ ಬೋರ್ಡಿನ ಈ ನಿಯಂತ್ರಣದ ಹರವು -102 ಡೆಸಿಬೆಲ್‌ನಿಂದ +4 ಡೆಸಿಬೆಲ್‌ವರೆಗೆ ಇದೆ. ಎಮಿಕ್ಸರ್ ಎಂಬ ಆಜ್ಞೆ ಶೇಕಡಾವಾರನ್ನು ಆ ಹರವಿನ ಮೇಲೆ ಸಮನಾಗಿ ಹಂಚುತ್ತದೆ. ಅಂದರೆ 50 ಎಂದರೆ ಸುಮಾರು -49 ಡೆಸಿಬೆಲ್, ಮೌನಕ್ಕೆ ತೀರ ಹತ್ತಿರ. ಸೊನ್ನೆ ಡೆಸಿಬೆಲ್ ಸಿಗುವುದು ಶೇಕಡಾ 96ರ ಬಳಿ, ಅದರಾಚೆ ಹೋದರೆ ಸದ್ದು ಒಡೆಯಬಹುದು. ಆಜ್ಞೆಗೆ ‘-ಎಂ’ ಎಂಬ ದೊಡ್ಡಕ್ಷರದ ಬಾಲ ಸೇರಿಸಿದರೆ ಕಿವಿಗೆ ಹೊಂದುವಂತೆ ಶೇಕಡಾ ಹಂಚಿಕೆಯಾಗುತ್ತದೆ. ಅಥವಾ ಆಲ್ಸಾಮಿಕ್ಸರ್ ತೆರೆದು ಕಣ್ಣಾರೆ ನೋಡಬಹುದು. ಕಪ್ಪು ಪರದೆಯ ಮೇಲೆ ಕಂಬಗಳು ನಿಂತಿರುತ್ತವೆ. ಎಫ್6 ಒತ್ತಿದರೆ ಕಾರ್ಡ್ ಬದಲಿಸಬಹುದು. ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಅದು ಮ್ಯೂಟ್ ಆಗಿದೆ. ಎಂ ಕೀ ಒತ್ತಿದರೆ ‘00’ ಆಗಿ ಸದ್ದು ಬಿಡುಗಡೆಯಾಗುತ್ತದೆ. ಹೊಂದಿಸಿದ್ದನ್ನು ಉಳಿಸಲು ಆಲ್ಸಾಸಿಟಿಎಲ್ ಸ್ಟೋರ್ ಆಜ್ಞೆ ಕೊಡಬೇಕು. ಅದನ್ನು ಕೊಡದೆ ಪೆಟ್ಟಿಗೆಯ ಮೇನ್ ಸ್ವಿಚ್ಚನ್ನು ಥಟ್ಟನೆ ಆರಿಸುವ ಅಭ್ಯಾಸದಿಂದಲೇ ಎಷ್ಟೋ ಮನೆಗಳಲ್ಲಿ ವಾಲ್ಯೂಮ್ ಮರುದಿನ ಹಳೆಯ ಜಾಗಕ್ಕೆ ಮರಳುತ್ತದೆ.

ಇಷ್ಟು ದಾಟಿದ ಸದ್ದು ಕೊನೆಗೆ ಸೇರುವುದು ಆಂಪ್ಲಿಫೈಯರನ್ನು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಬೆರಳಗಲದ ಪಿಎಎಂ8403 ಬೋರ್ಡಿನಿಂದ ಹಿಡಿದು 12 ಅಥವಾ 24 ವೋಲ್ಟಿನಲ್ಲಿ ನಡೆಯುವ ಟಿಪಿಎ3116 ಬೋರ್ಡಿನವರೆಗೆ ಎಲ್ಲವೂ ಸಿಗುತ್ತವೆ. ಮೊದಲನೆಯದು 5 ವೋಲ್ಟಿನಲ್ಲಿ ಪ್ರತಿ ಸ್ಪೀಕರಿಗೆ ಹೆಚ್ಚೆಂದರೆ 3 ವಾಟ್ ಕೊಡುತ್ತದೆ, ಮೇಜಿನ ಮೇಲಿಡುವ ಪುಟ್ಟ ಪೆಟ್ಟಿಗೆಗೆ ಸಾಕು. ಎರಡಕ್ಕೂ ಅನ್ವಯಿಸುವ ಎಚ್ಚರಿಕೆಯೊಂದಿದೆ. ಇವುಗಳ ಸ್ಪೀಕರ್ ಮೈನಸ್ ತಂತಿ ಗ್ರೌಂಡ್ ಅಲ್ಲ. ಎಡ-ಬಲ ಸ್ಪೀಕರುಗಳ ಮೈನಸ್ಸುಗಳನ್ನು ಒಂದುಗೂಡಿಸಿದರೆ, ಇಲ್ಲವೇ ಪೆಟ್ಟಿಗೆಯ ಲೋಹಕ್ಕೆ ತಗುಲಿಸಿದರೆ ಚಿಪ್ಪು ಸುಟ್ಟುಹೋದೀತು.

ವಾಲ್ಯೂಮ್ ಪಾಟನ್ನು ಕಂಪ್ಯೂಟರ್ ಮತ್ತು ಆಂಪ್ಲಿಫೈಯರಿನ ನಡುವೆ ಕೂರಿಸಬೇಕು, ಆಂಪ್ಲಿಫೈಯರ್ ಮತ್ತು ಸ್ಪೀಕರಿನ ನಡುವೆ ಅಲ್ಲ. ಕೊಳ್ಳುವಾಗ ಮೈಮೇಲಿನ ಅಕ್ಷರ ನೋಡಬೇಕು: ‘ಎ10ಕೆ’ ಎಂದಿದ್ದರೆ ಕಿವಿಗೆ ಹೊಂದುವ ಲಾಗ್ ಪಾಟ್, ‘ಬಿ10ಕೆ’ ಎಂದಿದ್ದರೆ ಲೀನಿಯರ್. ಲೀನಿಯರ್ ಹಾಕಿದರೆ ನಾಬ್ ಅರ್ಧ ತಿರುಗಿದಾಗಲೇ ಸದ್ದು ಪೂರ್ತಿಗಿಂತ ಬರೀ 6 ಡೆಸಿಬೆಲ್ ಹಿಂದಿರುತ್ತದೆ, ಉಳಿದ ಏರಿಳಿತವೆಲ್ಲ ಮೊದಲ ಅರ್ಧದಲ್ಲೇ ಇಕ್ಕಟ್ಟಾಗುತ್ತದೆ. ‘ಸ್ವಲ್ಪ ತಿರುಗಿಸಿದರೂ ಜೋರಾಗುತ್ತದೆ’ ಎಂದು ಮನೆಮಂದಿ ಗೊಣಗುವ ಪೆಟ್ಟಿಗೆಯಲ್ಲಿ ಇದೇ ಇರುವ ಸಾಧ್ಯತೆ ಹೆಚ್ಚು. ತಿರುಗಿಸುವಾಗ ಕರಕರ ಎಂದರೆ ಪಾಟಿನೊಳಗೆ ಧೂಳು ಕೂತಿದೆ. ಪವರ್ ತೆಗೆದು, ಪಾಟಿನ ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ತುಸು ಸಿಂಪಡಿಸಿ, ಕೊನೆಯಿಂದ ಕೊನೆಗೆ ಹತ್ತಾರು ಸಲ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ.

ಗುಂಯ್ ಎಂಬ ಸದ್ದು ಬೇರೆ ಜಾತಿಯದು. ನಮ್ಮಲ್ಲಿ ಮೇನ್ಸ್ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅದು 50 ಅಥವಾ 100 ಹರ್ಟ್ಸ್‌ನ ದಪ್ಪ ದನಿಯಾಗಿ ಕೇಳುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್‌ನಿಂದಲೇ ಆಂಪ್ಲಿಫೈಯರಿಗೂ 12 ವೋಲ್ಟ್ ಎಳೆದಾಗ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸುತ್ತು ಹಾಕುತ್ತದೆ, ಚಿತ್ರ ಬದಲಾದಂತೆ ಸಣ್ಣಗೆ ಕುಯ್ಯೆನ್ನುವ ದನಿಯೂ ಸೇರಿಕೊಳ್ಳುತ್ತದೆ. ಆಂಪ್ಲಿಫೈಯರಿಗೆ ಪ್ರತ್ಯೇಕ ಅಡಾಪ್ಟರ್ ಕೊಡುವುದು ಅಥವಾ ಸದ್ದಿನ ತಂತಿಯಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸುವುದು ಪರಿಹಾರ. ಪ್ಲಗ್ಗಿನ ಅರ್ತ್ ಪಿನ್ ಕಿತ್ತರೆ ಗುಂಯ್ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಅದು ಪ್ರಾಣಕ್ಕೆ ಅಪಾಯ. ಹಳೆಯ ಪಿಕ್ಚರ್ ಟ್ಯೂಬ್ ಇರುವ ಪೆಟ್ಟಿಗೆಯಾದರೆ ಇನ್ನೂ ಎಚ್ಚರ ಬೇಕು. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಲ್ಲದು. ಅಂಥ ಪೆಟ್ಟಿಗೆಯ ಹಿಂಬದಿಯನ್ನು ಬಲ್ಲವರೇ ತೆರೆಯಲಿ.

ಹಾಗಾದರೆ ಆರೇಳು ಕೈಗಳಲ್ಲಿ ಯಾವುದಕ್ಕೆ ಅಧಿಕಾರ ಕೊಡಬೇಕು? ಆಂಪ್ಲಿಫೈಯರಿನ ನಾಬಿಗೆ. ಇದಕ್ಕೆ ತಾಂತ್ರಿಕ ಕಾರಣವಿದೆ. ಡಿಜಿಟಲ್ ಸದ್ದನ್ನು ಕಂಪ್ಯೂಟರಿನೊಳಗೆ 6 ಡೆಸಿಬೆಲ್ ತಗ್ಗಿಸಿದಾಗಲೆಲ್ಲ ಅದರ 16 ಬಿಟ್‌ಗಳಲ್ಲಿ ಒಂದರಷ್ಟು ಸೂಕ್ಷ್ಮತೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ತೀರ ತಗ್ಗಿಸಿ ಆಂಪ್ಲಿಫೈಯರನ್ನು ಪೂರ್ತಿ ಏರಿಸಿಟ್ಟರೆ ಆಟದ ಸದ್ದಿನ ಜೊತೆ ಆಂಪ್ಲಿಫೈಯರಿನ ಸ್ವಂತ ಹಿಸ್ ಸದ್ದೂ ಕೋಣೆ ತುಂಬುತ್ತದೆ. ಆದ್ದರಿಂದ ಆಪರೇಟಿಂಗ್ ಸಿಸ್ಟಂ ವಾಲ್ಯೂಮನ್ನು ಸೊನ್ನೆ ಡೆಸಿಬೆಲ್ ಸಮೀಪ ಒಮ್ಮೆ ನಿಲ್ಲಿಸಬೇಕು. ಆಟ-ಆಟದ ವ್ಯತ್ಯಾಸವನ್ನು ಎಮ್ಯುಲೇಟರಿನ ಕಡತಗಳಲ್ಲಿ ಒಮ್ಮೆ ಸರಿಮಾಡಬೇಕು. ದಿನನಿತ್ಯ ಏರಿಸಿ ಇಳಿಸುವುದನ್ನೆಲ್ಲ ನಾಬಿನಿಂದಲೇ ಮಾಡಬೇಕು. ರೆಟ್ರೋಆರ್ಕ್‌ನ ವಾಲ್ಯೂಮ್ +12 ಡೆಸಿಬೆಲ್‌ವರೆಗೂ ಏರುತ್ತದೆ, ಆದರೆ ಸೊನ್ನೆಯ ಮೇಲೆ ಒಯ್ದರೆ ಸದ್ದಿನ ತುದಿಗಳು ಕತ್ತರಿಸಿ ಹೋಗಿ ಒಡಕಲು ದನಿ ಬರುತ್ತದೆ. ಅದನ್ನು ಸೊನ್ನೆಯಲ್ಲೇ ಬಿಡುವುದು ಕ್ಷೇಮ.

ದೋಷ ಹುಡುಕುವಾಗ ತುದಿಯಿಂದ ಹಿಂದಕ್ಕೆ ನಡೆಯುವುದು ಒಳ್ಳೆಯದು. ಮೊದಲು ಆಂಪ್ಲಿಫೈಯರಿಗೆ ಮೊಬೈಲ್ ಫೋನ್ ಚುಚ್ಚಿ ಒಂದು ಹಾಡು ಹಾಕಿ. ಹಾಡು ಸರಿಯಾಗಿ ಬಂದು ನಾಬ್ ಮಾತು ಕೇಳಿದರೆ ಸ್ಪೀಕರ್, ಆಂಪ್ಲಿಫೈಯರ್, ಪಾಟ್ ಮೂರೂ ನಿರ್ದೋಷಿಗಳು. ಆಮೇಲೆ ಆಟವಿಲ್ಲದೆ ಕಂಪ್ಯೂಟರಿನ ಪರೀಕ್ಷಾ ಸದ್ದು, ಆಮೇಲೆ ಮೆನು, ಕೊನೆಗೆ ಆಟ. ಎಲ್ಲಿ ಸದ್ದು ಕೈಕೊಡುತ್ತದೋ ಅಲ್ಲೇ ತಪ್ಪು. ಎರಡು ಕಡೆ ಒಟ್ಟಿಗೆ ಕೈಹಾಕಿದರೆ ಮಾತ್ರ ಯಾವುದರಿಂದ ಸರಿಹೋಯಿತೆಂದು ಕೊನೆಗೂ ತಿಳಿಯುವುದಿಲ್ಲ.

ಎಷ್ಟು ಜೋರು ಸಾಕು ಎಂಬ ಪ್ರಶ್ನೆಗೂ ಉತ್ತರ ಬೇಕು. ಪಾರ್ಲರಿನಲ್ಲಿ ಯಂತ್ರಗಳು ಒಂದನ್ನೊಂದು ಮೀರಿಸಿ ಕೂಗಬೇಕಿತ್ತು, ಮನೆಯಲ್ಲಿ ಆ ಪೈಪೋಟಿ ಇಲ್ಲ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಆಲಿಸುವಿಕೆಗೆ ಹೇಳುವ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75. ತಗ್ಗಿಸಿದಾಗ ಒಂದು ನಷ್ಟವಂತೂ ಇದೆ. ಸಣ್ಣ ಸದ್ದಿನಲ್ಲಿ ಕಿವಿಗೆ ಕೆಳಸ್ವರಗಳು ಮೊದಲು ಮಾಯವಾಗುತ್ತವೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ವೇಗ ಹೆಚ್ಚಿಸಿಕೊಳ್ಳುವ ಆ ನಾಲ್ಕು ದಪ್ಪ ಸ್ವರಗಳೇ ಆಟದ ಎದೆಬಡಿತ, ಅವೇ ಮೊದಲು ಕರಗುತ್ತವೆ. ಆಂಪ್ಲಿಫೈಯರಿನಲ್ಲಿ ಬಾಸ್ ನಾಬ್ ಇದ್ದರೆ ರಾತ್ರಿ ಅದನ್ನು ತುಸು ಏರಿಸಿಕೊಂಡರೆ ಆಟದ ಕಳೆ ಉಳಿಯುತ್ತದೆ.

ಕೊನೆಯದಾಗಿ ಪೆಟ್ಟಿಗೆ ಕಟ್ಟಿದವರಲ್ಲಿ ಒಂದು ಕೋರಿಕೆ. ಎಲ್ಲ ಸರಿಹೋದ ದಿನವೇ ಯಾವ ಔಟ್‌ಪುಟ್ ಸಾಧನ ಆರಿಸಿದ್ದೀರಿ, ಆಪರೇಟಿಂಗ್ ಸಿಸ್ಟಂ ವಾಲ್ಯೂಮ್ ಎಷ್ಟರಲ್ಲಿ ನಿಲ್ಲಿಸಿದ್ದೀರಿ, ಯಾವ ಆಟಕ್ಕೆ ಎಷ್ಟು ಡೆಸಿಬೆಲ್ ತಗ್ಗಿಸಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ನಾಣ್ಯದ ಬಾಗಿಲಿನ ಒಳಬದಿಗೆ ಅಂಟಿಸಿಡಿ. ಮುಂದಿನ ಅಪ್‌ಡೇಟ್ ಬಂದಾಗ ನಿಮಗೂ, ನೀವಿಲ್ಲದಾಗ ಪೆಟ್ಟಿಗೆ ತೆರೆಯುವ ಮನೆಯವರಿಗೂ ಅದೇ ಬೇಕಾಗುತ್ತದೆ.